ಹಳದಿ ಮೊರ

ನಮ್ಮೂರಿಗೆ ಆ ಜ್ವರ ಬಂದ ವರ್ಷ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಬೀದಿಯಲ್ಲಿ ಒಂದು ಸುತ್ತು ನಡೆದು ಬಂದರೆ ಸಾಕಾಗಿತ್ತು. ಮೊದಲು ಮಲಗಿದವರು ಶಾಲೆಯ ಮೇಷ್ಟ್ರು. ಅವರ ಮೈಯಿಂದ ಹುರಿದ ಎಳ್ಳಿನ ವಾಸನೆ ಬರತೊಡಗಿತು. ಮಾರನೆಯ ದಿನ ಗಿರಣಿಯ ಓಬಯ್ಯನಿಗೆ ಹಲಸಿನ ಹಣ್ಣಿನ ವಾಸನೆ. ಅದರ ಮಾರನೆಯ ದಿನ ಬಾವಿಕಟ್ಟೆಯ ಹತ್ತಿರದ ಮನೆಯೊಂದರಲ್ಲಿ ಹೊಸ ಗೋಣಿಚೀಲದ್ದು. ಜ್ವರ ಹದಿನೈದು ದಿನ ಇರುತ್ತಿತ್ತು. ವಾಸನೆ ಹೋದ ದಿನ ಜ್ವರವೂ ಹೋಗುತ್ತಿತ್ತು. ಮನೆಯಲ್ಲಿ ಸುಮ್ಮನೆ ಮಲಗಿದವರು ಎದ್ದು ಓಡಾಡಿದರು. ಇಷ್ಟಕ್ಕೆಲ್ಲ ಮಲಗುವುದೇ ಎಂದು ಬಿಸಿಲಿಗೆ ಹೋಗಿ ಗುದ್ದಲಿ ಹಿಡಿದ ಇಬ್ಬರು ಮತ್ತೆ ಏಳಲಿಲ್ಲ.

ಬೀದಿಯಲ್ಲಿ ಎದುರಾದರೆ ಅದು ಹತ್ತುತ್ತಿರಲಿಲ್ಲ. ಒಂದೇ ಲೋಟದಲ್ಲಿ ಕುಡಿದರೆ, ಉಸಿರು ತಾಗುವಷ್ಟು ಹತ್ತಿರ ಕೂತರೆ ಹತ್ತುತ್ತಿತ್ತು. ಹತ್ತಿದವರಿಗೆ ಹತ್ತಿಸಿದವರ ವಾಸನೆಯೇ ಬರುತ್ತಿತ್ತು. ಹೀಗಾಗಿ ಜ್ವರಕ್ಕಿಂತ ಊರಿನ ಗುಟ್ಟುಗಳೇ ಬೇಗ ಹರಡಿದವು. ಮೇಷ್ಟ್ರ ಎಳ್ಳು ಅವರ ಹೆಂಡತಿಗೆ ಹತ್ತುವ ಮೊದಲು ಇಸ್ಪೀಟಿನ ನಾಲ್ವರಿಗೆ ಹತ್ತಿತು. ಬದುವಿನ ಜಗಳಕ್ಕೆ ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರೂ ಒಂದೇ ವಾರ ಹಲಸಿನ ಹಣ್ಣಾದಾಗ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿತ್ತಲ ಬಾಗಿಲಿನಿಂದ ಹೋಗಿ ದಿನಾ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರಂತೆ. ಜ್ವರದವರಿಗೆ ಮಾತ್ರ ತಮ್ಮ ವಾಸನೆ ತಿಳಿಯುತ್ತಿರಲಿಲ್ಲ. ಅದು ಬೇರೆ ಎಲ್ಲಿಂದ ಬಂದರೂ ಅವರ ಮೂಗಿಗೆ ಸಿಗುತ್ತಿರಲಿಲ್ಲ. ಮೇಷ್ಟ್ರು ಬಾಯಿ ಕೆಟ್ಟಿದೆಯೆಂದು ಎಳ್ಳು ಹುರಿಯಲು ಕೂತು, ಬಾಣಲೆಯಲ್ಲಿ ಅದು ಸೀದು ಕರಿಯಾಗುವವರೆಗೂ ಕೈಯಾಡಿಸುತ್ತಲೇ ಇದ್ದರು.

ಸರ್ಕಾರ ಕಾಯಿದೆ ಮಾಡಿತು. ಜ್ವರ ಇರುವ ಮನೆಯ ಬಾಗಿಲಿಗೆ ಹಳದಿ ಬಳಿದು ಅರಗಿನ ಮುದ್ರೆ ಒತ್ತಿದ ಒಂದು ಮೊರ ತೂಗುಹಾಕಬೇಕು. ದಿನಾ ಬೆಳಿಗ್ಗೆ ಸರ್ಕಾರದ ಗಾಡಿ ಬಂದು ಆ ಮೊರಕ್ಕೆ ಅಕ್ಕಿ, ತೊಗರಿಬೇಳೆ, ಒಂದು ಅಚ್ಚು ಬೆಲ್ಲ ಸುರಿದು ಹೋಗುತ್ತದೆ. ಮೊರ ಬಿದ್ದ ಮನೆಯವರು ಹೊರಗೆ ಬರುವಂತಿಲ್ಲ, ಅವರನ್ನು ಯಾರೂ ಕೆಲಸಕ್ಕೆ ಕರೆಯುವಂತಿಲ್ಲ. ಅವರ ನೀರಿನ ಸರದಿಯನ್ನಾಗಲಿ ಸಂತೆಯ ಜಾಗವನ್ನಾಗಲಿ ಇನ್ನೊಬ್ಬರು ಮುಟ್ಟುವಂತಿಲ್ಲ. ಹಾಗೆಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತರೂ ನಡೆಯದಲ್ಲ. ಆದ್ದರಿಂದ ಮೊರವಿಲ್ಲದೆ ಸಾಲಾಗಿ ಎರಡು ಸಂತೆ ತಪ್ಪಿಸಿದವರ ಜಾಗ ಇನ್ನೊಬ್ಬರಿಗೆ ಹೋಗುತ್ತದೆ ಎಂದೂ ಬರೆದರು. ಒಳ್ಳೆಯ ಕಾಯಿದೆಯೇ. ನಾನಂತೂ ಆಗಲೂ ಈಗಲೂ ಹಾಗೆಯೇ ಹೇಳುತ್ತೇನೆ.

ಆದರೆ ಮೊರ ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂದು ಹೇಳಲು ಒಂದು ಮೂಗು ಬೇಕಾಯಿತು. ಆಗ ನನ್ನನ್ನು ಕರೆದರು. ನಾನು ಸಣ್ಣೀರಪ್ಪ. ಇಪ್ಪತ್ತು ವರ್ಷ ಸಂತೆಯಲ್ಲಿ ತುಪ್ಪ ಮೂಸಿದವನು. ಮುಚ್ಚಳ ತೆಗೆಯುವ ಮೊದಲೇ ಇದು ಎಮ್ಮೆಯದು, ಇದು ಹಸುವಿನದು, ಇದಕ್ಕೆ ಡಾಲ್ಡಾ ಬೆರೆತಿದೆ ಎಂದು ಹೇಳಬಲ್ಲವನು. ಕಚೇರಿಯ ಶಿರಸ್ತೇದಾರ ವಾಮನರಾಯರು ನನ್ನ ಎದೆಗೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿ, "ಇವತ್ತಿನಿಂದ ನೀನು ಸರ್ಕಾರಿ ಮೂಗು ಕಣಯ್ಯಾ" ಎಂದರು. ಕಾಯಿಲೆಯವರ ನೆತ್ತಿಗೆ ಮೂರು ಬೆರಳು ದೂರಕ್ಕೆ ಬಗ್ಗಿ ಒಂದೇ ಒಂದು ಉಸಿರು ಎಳೆದು ಹಿಂದೆ ಸರಿಯುವುದು ನನ್ನ ಪದ್ಧತಿ. ಎರಡನೆಯ ಉಸಿರು ನಾನು ಎಳೆಯುತ್ತಲೇ ಇರಲಿಲ್ಲ. ನಾಲ್ಕು ತಿಂಗಳು ಕಳೆದರೂ ನನಗೆ ಜ್ವರ ಬರಲಿಲ್ಲ. ಮೂಗಿನವನಿಗೆ ಅದು ಬರುವುದಿಲ್ಲವೆಂದು ಊರು ನಂಬಿತು. ನಾನೂ ನಂಬಿದೆ. ಕಾಯಿದೆಯೂ ನಂಬಿತ್ತೆಂದು ಆಮೇಲೆ ತಿಳಿಯಿತು.

ಅಲ್ಲಿಯವರೆಗೆ ಒಂದು ಸಲ ಮಾತ್ರ ಜಾರಿದ್ದೆ. ಹಪ್ಪಳ ಸಂಡಿಗೆ ಮಾಡಿ ಮಾರುವ ಗೌರಕ್ಕನ ಮನೆಯ ಮುಂದೆ ಹೋಗುವಾಗ ಇಂಗಿನ ವಾಸನೆ ಗಮ್ಮೆಂದು ಬಂತು. ಒಳಗೆ ಹೋಗಿ ಮೂಸಿದೆ. ನೆತ್ತಿಯಲ್ಲೂ ಇಂಗು. ಮೊರ ಹಾಕಿಸಿದೆ. ಹದಿನೈದು ದಿನ ಆಕೆ ಸರ್ಕಾರದ ಅಕ್ಕಿಯನ್ನೇ ರುಬ್ಬಿ ಸಂಡಿಗೆ ಇಟ್ಟಳು. ಜ್ವರವಿಲ್ಲದ್ದು ಗೊತ್ತಾಗಿ ಕೇಳಲು ಹೋದರೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಂಗೆ ಜ್ವರ ಐತೆ ಅಂತ ನಾನ್ಯಾವಾಗ ಹೇಳ್ದೆ ಸಣ್ಣೀರಪ್ಪಣ್ಣ? ನೀನೇ ಬಂದೆ, ನೀನೇ ಮೂಸ್ದೆ, ನೀನೇ ಮೊರ ಹಾಕ್ದೆ. ಮನೆ ಬಾಗ್ಲಿಗೆ ಬಂದ ಅಕ್ಕಿನ ಬ್ಯಾಡ ಅನ್ನಾದು ಮರ್ಯಾದೆನಾ?" ಸಂತೆಯವರೆಲ್ಲ ಒಂದು ವಾರ ಇದನ್ನೇ ಆಡಿಕೊಂಡರು. ನನಗೆ ಅವಮಾನವಾಯಿತು. ನಾನೇ ವಾಮನರಾಯರ ಬಳಿ ಕೂತು ಕಾಯಿದೆಗೆ ಒಂದು ಸಾಲು ಸೇರಿಸುವಂತೆ ಮಾಡಿದೆ. ಕಸುಬಿನಿಂದ ಮೈಗೆ ಹಿಡಿದ ವಾಸನೆಯನ್ನು ಜ್ವರದ ವಾಸನೆ ಎಂದು ಎಣಿಸತಕ್ಕದ್ದಲ್ಲ. ಆ ಸಾಲನ್ನು ಬರೆಸಿದ ದಿನ ಬೀಗುತ್ತಲೇ ಮನೆಗೆ ಬಂದೆ.

ಮುಂಗಾರಿಗೆ ಇನ್ನೂ ಹದಿನೈದು ದಿನವಿದ್ದ ಒಂದು ಮಂಗಳವಾರ ಕುಂಬಾರರ ತಿಪ್ಪಮ್ಮನ ಮನೆಯಿಂದ ಕರೆ ಬಂತು. ಗಂಡ ಇಲ್ಲದ ಮೇಲೆ ತಿಗರಿ ತಿರುಗಿಸುವುದು, ಸುಡುವುದು, ಸಂತೆಯಲ್ಲಿ ಹುಣಿಸೆಮರದ ಕೆಳಗಿನ ಜಾಗದಲ್ಲಿ ಕೂತು ಮಾರುವುದು ಎಲ್ಲವನ್ನೂ ಅವಳೇ ಮಾಡುತ್ತಿದ್ದಳು. ಅತ್ತೆ ಹನುಮಕ್ಕಜ್ಜಿ ಮಣ್ಣು ತುಳಿದುಕೊಡುತ್ತಿದ್ದಳು. ಅಂಗಳದ ತುಂಬ ಹಸಿ ಮಡಕೆಗಳು ಸುಡುವುದಕ್ಕೆ ಕಾಯುತ್ತ ಬಿಸಿಲಿಗೆ ಕೂತಿದ್ದವು. ತಿಪ್ಪಮ್ಮ ಒಳಗೆ ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು.

"ಭಾನುವಾರದಿಂದ ಮೈ ಸುಡ್ತೈತೆ ಅಣ್ಣ. ನಿನ್ನೆ ಸಂತೆಗೆ ಹೋಗಕ್ಕಾಗ್ಲಿಲ್ಲ. ಕಾಲು ನನ್ನವೇ ಅಲ್ಲ ಅನ್ನಂಗಾಗೈತೆ" ಎಂದಳು.

ಬಗ್ಗಿದೆ. ಉಸಿರೆಳೆದೆ. ಒದ್ದೆ ಮಣ್ಣು. ಬಿರು ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದಾಗ ನೆಲದಿಂದ ಏಳುತ್ತದಲ್ಲ, ಅದೇ ವಾಸನೆ. ಆದರೆ ಬಾಗಿಲಲ್ಲಿ ತುಳಿದಿಟ್ಟ ಮಣ್ಣಿನ ಗುಡ್ಡೆ ಇತ್ತು, ತಿಗರಿಯ ಪಕ್ಕದಲ್ಲಿ ಕೆಸರು ನೀರಿನ ಬಾನಿ ಇತ್ತು, ಅವಳ ಉಗುರಿನ ಸಂದಿಯಲ್ಲೂ ಮಣ್ಣಿತ್ತು. ಪದ್ಧತಿ ಮೀರಿ ಎರಡನೆಯ ಸಲ ಎಳೆದೆ. ಒದ್ದೆ ಮಣ್ಣು. ಮೂರನೆಯ ಸಲವೂ ಅದೇ. ಊರಿನಲ್ಲಿ ಆವರೆಗೆ ಮಣ್ಣಿನ ವಾಸನೆಯ ಜ್ವರ ಯಾರಿಗೂ ಬಂದಿರಲಿಲ್ಲ. ಗೌರಕ್ಕನ ನಗು ಕಿವಿಯಲ್ಲಿ ಕೇಳಿದಂತಾಯಿತು.

"ಕಸುಬಿನದು ತಿಪ್ಪಮ್ಮ. ಮೊರ ಬರಲ್ಲ" ಎಂದೆ.

"ಹಣೆ ಮುಟ್ಟಿ ನೋಡಣ್ಣ."

"ಒಲೆ ಮುಂದೆ, ಮಡಕೆ ಸುಡೋ ಆವಿಗೆ ಮುಂದೆ ಇರೋ ಮೈ. ಬಿಸಿ ಇರದೇ ಇರ್ತದಾ? ಕಾಯಿದೆಗೆ ಮೂಗು ಐತೆ ಕಣಮ್ಮ, ಕೈ ಇಲ್ಲ."

ಹನುಮಕ್ಕಜ್ಜಿ ಮೂಲೆಯಿಂದ ಎದ್ದು ಬಂದಳು. "ಲೋ ಸಣ್ಣೀರ, ನೀನು ಹುಟ್ಟಿದಾಗ ನಿನ್ ಮೂಗ ತಿದ್ದಿದ್ದು ನಾನು. ಕೊಬ್ರಿ ಎಣ್ಣೆ ಹಚ್ಚಿ ಎಳ್ದೂ ಎಳ್ದೂ ನೆಟ್ಟಗೆ ಮಾಡ್ದೆ. ಚಪ್ಪಟೆಗೇ ಬಿಡಬೇಕಾಗಿತ್ತು" ಎಂದಳು. ನಾನು ಕಾಗದದ ಮೇಲೆ ಜ್ವರವಿಲ್ಲ ಎಂದು ಬರೆದು ಹೊರಗೆ ಬಂದೆ.

ತಿಪ್ಪಮ್ಮ ಯಾರಿಗೂ ಬೈಯಲಿಲ್ಲ. ಮೊರ ಸಿಗದಿದ್ದರೂ ತಾನೇ ಬಾಗಿಲು ಹಾಕಿಕೊಂಡಳು. ಇನ್ನೊಬ್ಬರಿಗೆ ಹತ್ತುವುದು ಬೇಡವೆಂದಳಂತೆ. ಅಜ್ಜಿ ಮಾತ್ರ ಮನೆಯ ಹಳೆಯ ಮೊರಕ್ಕೆ ಅರಿಸಿನ ಕಲಸಿ ಬಳಿದು ಬಾಗಿಲಿಗೆ ಕಟ್ಟಿದಳು. ಗಾಡಿಯವನು ಬಂದ, ನೋಡಿದ. "ಅಜ್ಜಿ, ಮುದ್ರೆ ಎಲ್ಲಿ?" ಎಂದ. "ಮುದ್ರೆ ಬೇಯಿಸ್ಕಂಡು ತಿಂತೀಯೇನೋ? ಅಕ್ಕಿ ಹಾಕೋ" ಎಂದಳು ಅಜ್ಜಿ. ಅವನು ನಕ್ಕು, ತಲೆಯಾಡಿಸಿ, ಎತ್ತು ಹೊಡೆದ. ಸರ್ಕಾರ ಸುರಿಯದಿದ್ದರೂ ಆ ಮೊರ ಪೂರ್ತಿ ಬರಿದಾಗಿ ಉಳಿಯಲಿಲ್ಲ. ದಾರಿಯಲ್ಲಿ ಹೋಗುವವರು ಒಂದು ಹಿಡಿ ರಾಗಿಯನ್ನೋ ನಾಲ್ಕು ಬದನೆಕಾಯಿಯನ್ನೋ ಹಾಕಿ ಹೋಗುತ್ತಿದ್ದರು. ನನ್ನ ಹೆಂಡತಿ ಕೊಟ್ರಮ್ಮ ಸೆರಗಿನ ಮರೆಯಲ್ಲಿ ಏನನ್ನೋ ಒಯ್ಯುವುದನ್ನು ನಾನು ನೋಡಿಯೂ ನೋಡದವನಂತೆ ಇದ್ದೆ. ಆದರೆ ಸಂತೆಯ ಜಾಗವನ್ನು ಯಾರು ಸೆರಗಿನಲ್ಲಿ ಒಯ್ದು ಕೊಡಬಲ್ಲರು? ಬರುವ ಸೋಮವಾರ ತಿಪ್ಪಮ್ಮ ಹುಣಿಸೆಮರದ ಕೆಳಗೆ ಕೂರದಿದ್ದರೆ ಅದು ಪ್ಲಾಸ್ಟಿಕ್ ಕೊಡದವನಿಗೆ ಹೋಗುತ್ತಿತ್ತು. ಅವನು ಆಗಲೇ ಹಗ್ಗ ಹಿಡಿದು ಅಳತೆ ಮಾಡಿ ಹೋಗಿದ್ದ. "ಎಂಗಾರ ಆಗ್ಲಿ, ಸೋಮವಾರ ಗಾಡಿ ಮ್ಯಾಲೆ ನನ್ನ ಕೂರ್ಸು ಅತ್ತೆ. ಕೂತಿದ್ರೆ ಸಾಕು ತಾನೆ" ಎಂದು ತಿಪ್ಪಮ್ಮ ಅಂದಳೆಂದು ಕೊಟ್ರಮ್ಮ ಬಂದು ಹೇಳಿದಳು. ಹೇಳಿ ನನ್ನ ಮುಖ ನೋಡಿದಳು. ಗುದ್ದಲಿ ಹಿಡಿದ ಇಬ್ಬರ ನೆನಪು ನನಗೂ ಬಂತು. ಆದರೂ ಮೂರು ಸಲ ಮೂಸಿದ್ದೇನಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಎದ್ದಾಗ ಮೈ ಸ್ವಲ್ಪ ಭಾರವಾಗಿತ್ತು. ಬಿಸಿಲಿನ ದಣಿವು ಎಂದುಕೊಂಡು ಬಿಲ್ಲೆ ಸಿಕ್ಕಿಸಿಕೊಂಡು ಹೊರಟೆ. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಗೌರಕ್ಕನ ಮನೆಯ ಮುಂದೆ ಚಾಪೆಗಳ ಮೇಲೆ ಸಂಡಿಗೆ ಒಣಗುತ್ತಿತ್ತು. ನಾನು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಗೌರಕ್ಕ ಕೂಗಿದಳು. "ಅಯ್ಯೋ ಮಳೆ! ಮಳೆ ಬಂತು!" ತಿರುಗಿ ನೋಡಿದರೆ ಚಾಪೆಯನ್ನು ಎಳೆದುಕೊಂಡು ಒಳಗೆ ಓಡುತ್ತಿದ್ದಾಳೆ. ಹೆಂಗಸಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡೆ. ಮುಂದಿನ ತಿರುವಿನಲ್ಲಿ ಮೆಣಸಿನಕಾಯಿ ಹರಡಿದ್ದವರು ಗೋಣಿ ತಂದು ಮುಚ್ಚಿದರು. ಹುಣಿಸೆಹಣ್ಣು ಕುಟ್ಟುತ್ತಿದ್ದವರು ಒಳಗೆ ಹೋದರು. ಬೆರಣಿ ತಟ್ಟಿದವಳು ಬೆರಣಿಯನ್ನೆಲ್ಲ ಬುಟ್ಟಿಗೆ ತುಂಬಿದಳು. ಬಿತ್ತನೆಗೆಂದು ರಾಗಿ ಒಣಗಿಸುತ್ತಿದ್ದ ಗಂಡಸರು ನನ್ನನ್ನೇ ಕೇಳಿದರು. "ಏನ್ ಮೂಗಿನ ಯಜಮಾನ್ರೆ, ಎಲ್ಲಿಗೆ ಬಿತ್ತು? ಕೆರೆ ಕಡೆಗಾ?"

"ಏನು?"

"ಏನು ಅಂತೀರಲ್ಲ! ಮಳೆ. ಘಮ್ಮಂತೈತೆ. ನಿಮಗೆ ಬರಲಿಲ್ವಾ?"

ಮೂಗೆತ್ತಿ ಉಸಿರೆಳೆದೆ. ಊರಿಗೆಲ್ಲ ಬರುತ್ತಿರುವ ವಾಸನೆ ಸರ್ಕಾರಿ ಮೂಗಿಗೆ ಬರುತ್ತಿಲ್ಲ! ತಿಪ್ಪೆಯ ಹತ್ತಿರ ಹೋಗಿ ಮೂಸಿದೆ. ಬಂತು. ಬೇವಿನ ಹೂವು ಮೂಸಿದೆ. ಬಂತು. ಬೀಡಿ, ಬೆಲ್ಲ, ಎತ್ತಿನ ಬೆನ್ನು ಎಲ್ಲವೂ ಬಂತು. ಮಳೆ ಮಾತ್ರ ಇಲ್ಲ. ವಾಪಸು ಬರುವಾಗ ಮತ್ತೆ ಬಿಸಿಲಿಗೆ ತಂದಿಟ್ಟಿದ್ದ ರಾಗಿಯನ್ನು ಆ ಗಂಡಸರು ಎರಡನೆಯ ಸಲ ಮುಚ್ಚಿದರು. ಗೌರಕ್ಕ ಎರಡನೆಯ ಸಲ ಚಾಪೆ ಎಳೆದಳು.

ಮನೆಯ ಮುಂದೆ ಕೊಟ್ರಮ್ಮ ಸೂರಿನ ಕೆಳಗೆ ಕೊಡ ಇಡುತ್ತಿದ್ದಳು. ನೀರು ಹಿಡಿಯುವುದಕ್ಕೆ. ನಾನು ಅಂಗಳಕ್ಕೆ ಕಾಲಿಟ್ಟೆ. ಅವಳು ಆಕಾಶ ನೋಡಿದಳು. ನನ್ನನ್ನು ನೋಡಿದಳು. ಒಂದು ಹೆಜ್ಜೆ ಹತ್ತಿರ ಬಂದು ಮೂಗು ಅರಳಿಸಿದಳು. ಆಮೇಲೆ ಕೊಡವನ್ನು ಕೆಳಗಿಟ್ಟು, ಜಗಲಿಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದಳು.

"ಮೋಡ ಎಲ್ಲೈತೆ ಅಂತ ಹುಡುಕ್ತಿದ್ದೆ. ನೀವೇ ಮೋಡ!"

ನಾನೂ ಅವಳಿಂದ ದೂರದಲ್ಲಿ ಕೂತೆ. ಹಣೆ ಮುಟ್ಟಿಕೊಂಡೆ. ಸುಡುತ್ತಿತ್ತು. ನನ್ನ ಮೈಗೆ ಮಣ್ಣು ಎಲ್ಲಿಂದ ಬರಬೇಕು? ತುಪ್ಪದವನು ನಾನು. ಒದ್ದೆ ಮಣ್ಣನ್ನು ನಾನು ಹತ್ತಿರದಿಂದ ಉಸಿರಾಡಿದ್ದು ಒಂದೇ ಕಡೆ, ಅದೂ ಮೂರು ಸಲ.

ನಗು ನಿಂತ ಮೇಲೆ ಕೊಟ್ರಮ್ಮ ಕೇಳಿದಳು. "ಈಗ ಏನ್ ಮಾಡ್ತೀರಿ?"

ಮಾಡದೆ ಇರಬಹುದಿತ್ತು. ಕಿಟಕಿ ಮುಚ್ಚಿ, ಬೆಳ್ಳುಳ್ಳಿ ಸುಟ್ಟು, ಹದಿನೈದು ದಿನ ಬೆನ್ನು ನೋವೆಂದು ಮಲಗಿದರೆ ಯಾರೂ ಕೇಳುತ್ತಿರಲಿಲ್ಲ. ಬಿಲ್ಲೆ ಉಳಿಯುತ್ತಿತ್ತು. ತಾನು ಬರೆದದ್ದನ್ನು ತಾನೇ ಹೊಡೆದುಹಾಕಿದ ಮೂಗು ಬಿಲ್ಲೆಯನ್ನು ಒಪ್ಪಿಸಬೇಕೆಂದು ಕಾಯಿದೆಯಲ್ಲಿ ಇತ್ತು. ಬಿಲ್ಲೆ ಹೋದರೆ ಹೋಗಲಿ, ತಪ್ಪಿದ ಮೂಗಿಗೆ ನಾಳೆ ಯಾರು ತುಪ್ಪ ತಂದು ಹಿಡಿಯುತ್ತಾರೆ? ಅಷ್ಟರಲ್ಲಿ ಕೊಟ್ರಮ್ಮ, "ನಾಳೆ ಸೋಮವಾರ" ಎಂದಳು. ಅಷ್ಟೇ ಅಂದದ್ದು. ನಾನು ಎದ್ದೆ.

ಆ ವರ್ಷ ಕಚೇರಿಗೆ ರಜೆ ಇರಲಿಲ್ಲ. ಹೊಂಗೆ ಮರದ ಕೆಳಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಕೂಗಿದೆ. ವಾಮನರಾಯರು ಜಗಲಿಗೆ ಬಂದವರೇ ಮೂಗೆತ್ತಿ, "ಕಿಟಕಿ ಮುಚ್ಚಿಸಬೇಕು, ಕಾಗದ ನೆನೆದಾವು" ಎಂದು ಒಳಗೆ ತಿರುಗಿದರು.

"ರಾಯರೇ, ಮಳೆ ಅಲ್ಲ. ನಾನು."

ವಿಷಯ ಹೇಳಿದೆ. ಅವರು ಕನ್ನಡಕ ಒರೆಸಿ ಕಾಯಿದೆಯ ಪುಸ್ತಕ ತರಿಸಿ ಜಗಲಿಯ ಮೇಲೆಯೇ ಬಿಡಿಸಿದರು. "ಅಲ್ಲವಯ್ಯಾ, ಮೂಗಿಗೆ ಜ್ವರ ಬರುವುದೆಂದು ಇದರಲ್ಲಿ ಎಲ್ಲೂ ಇಲ್ಲವಲ್ಲ."

"ಬಂದಿದೆಯಲ್ಲ ರಾಯರೇ."

"ಬಂದಿರಬಹುದು. ಆದರೆ ನಿನ್ನನ್ನು ಮೂಸುವವರು ಯಾರು? ನಿನ್ನನ್ನು ನೀನೇ ಮೂಸಿಕೊಂಡು ಬರೆಯುವಂತಿಲ್ಲ."

ಅಷ್ಟು ಹೊತ್ತಿಗೆ ಹಿಂದೆ ಗಲಾಟೆ ಕೇಳಿಸಿತು. ರಾಗಿಯವರು, ಮೆಣಸಿನಕಾಯಿಯವರು, ಬೆರಣಿಯವಳು, ಎಲ್ಲರ ಮುಂದೆ ಗೌರಕ್ಕ. ಈ ಮಳೆ ಯಾವುದಪ್ಪಾ ಬೀದಿ ಬೀದಿ ನಡೆದು ಹೋಗುತ್ತದಲ್ಲ ಎಂದು ವಾಸನೆಯ ಜಾಡು ಹಿಡಿದು ಬಂದಿದ್ದರು. ನನ್ನನ್ನು ಕಂಡು ಎಲ್ಲರೂ ನಿಂತರು.

"ಇವನೇ!" ಎಂದಳು ಗೌರಕ್ಕ. "ರಾಯರೇ, ಈ ವಯ್ಯನ ದೆಸೆಯಿಂದ ಎರಡು ಸಲ ಸಂಡಿಗೆ ಒಳಗೆ ಹೊತ್ತೆ. ಅರ್ಧ ಮುರಿದು ಪುಡಿ ಆದ್ವು. ನನ್ನ ಇಂಗನ್ನ ಜ್ವರ ಅಂದ, ತಿಪ್ಪಮ್ಮನ ಜ್ವರಾನ ಮಣ್ಣು ಅಂದ, ಈಗ ತಾನೇ ಮಳೆ ಆಗವ್ನೆ!"

ಜನ ಘೊಳ್ಳೆಂದು ನಕ್ಕರು. ಜ್ವರದಲ್ಲೂ ನನಗೆ ನಗು ಬಂತು. ವಾಮನರಾಯರು ಮಾತ್ರ ನಗಲಿಲ್ಲ. ಗೌರಕ್ಕನನ್ನು ನೋಡುತ್ತ ಏನೋ ಲೆಕ್ಕ ಹಾಕಿದರು. "ಇವನು ದಾಟಿದ ಎಷ್ಟು ಹೊತ್ತಿಗೆ ನಿನಗೆ ವಾಸನೆ ಬಂತಮ್ಮಾ?"

"ಎರಡನೇ ಸಲ ದಾಟೋಕೂ ಮುಂಚೇನೆ. ಅವನು ಇನ್ನೂ ತಿರುವಿನಲ್ಲಿದ್ದ."

"ಸರಿ. ಇವತ್ತಿನ ಮಟ್ಟಿಗೆ ನೀನೇ ಮೂಗು. ಇವನ ಮೈಯ ವಾಸನೆ ಏನು, ಹೇಳು."

ಗೌರಕ್ಕ ಸೆರಗು ಸರಿ ಮಾಡಿಕೊಂಡಳು. ನಾಟಕದ ಪಾತ್ರದಂತೆ ಎರಡು ಹೆಜ್ಜೆ ಮುಂದೆ ಬಂದು ಕಣ್ಣು ಮುಚ್ಚಿದಳು. "ಒದ್ದೆ ಮಣ್ಣು. ಕಸುಬಿನದಲ್ಲ. ಈ ವಯ್ಯ ಜನ್ಮದಲ್ಲಿ ಮಣ್ಣು ಮುಟ್ಟಿದೋನಲ್ಲ."

ರಾಯರು ಬರೆದರು. ಆಮೇಲೆ ಲೇಖನಿ ನಿಂತಿತು. "ಯಾರಿಂದ ಹತ್ತಿತು?"

"ತಿಪ್ಪಮ್ಮನಿಂದ."

"ತಿಪ್ಪಮ್ಮನಿಗೆ ಜ್ವರವೇ ಇಲ್ಲವೆಂದು ನೀನೇ ಬರೆದುಕೊಟ್ಟಿದ್ದೀಯ. ಇಲ್ಲದ ಜ್ವರ ನಿನಗೆ ಹತ್ತಿತೆಂದು ನಾನು ಹೇಗೆ ಬರೆಯಲಿ? ಒಂದೋ ನಿನಗೂ ಇಲ್ಲ, ಇಲ್ಲವೇ ಅವಳಿಗೂ ಇದೆ."

"ಅವಳಿಗೆ ಇದೆ ರಾಯರೇ. ಮಂಗಳವಾರವೇ ಇತ್ತು. ನಾನು ಬರೆದದ್ದು ತಪ್ಪು. ಅದನ್ನು ಹೊಡೆದುಹಾಕಿ."

ನಾನು ಬಿಲ್ಲೆ ಬಿಚ್ಚಿ ಹೊಂಗೆಯ ಬೇರಿನ ಮೇಲೆ ಇಟ್ಟು ಹಿಂದೆ ಸರಿದೆ. ರಾಯರು ನನ್ನ ಸಾಲಿನ ಮೇಲೆ ಗೆರೆ ಎಳೆದರು. ಕೆಳಗೆ ಹಿಂದಿನ ಭಾನುವಾರದ ತಾರೀಕಿನಿಂದಲೇ ತಿಪ್ಪಮ್ಮನ ಹೆಸರು ಬರೆದರು. ಕಸುಬಿನ ವಾಸನೆಯ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರು. ಅನುಮಾನವಿದ್ದಲ್ಲಿ ಹಣೆ ಮುಟ್ಟಿ ನೋಡತಕ್ಕದ್ದು. "ಕಾಯಿದೆಗೆ ಈಗ ಕೈ ಬಂತು ನೋಡಯ್ಯಾ" ಎಂದು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ನಾನು ತಿಪ್ಪಮ್ಮನಿಗೆ ಅಂದ ಮಾತು ಅವರ ಕಿವಿಗೂ ಬಿದ್ದಿತ್ತು.

ಮಧ್ಯಾಹ್ನ ಗಾಡಿಯವನು ಅಷ್ಟೂ ದಿನದ ಅಕ್ಕಿಬೇಳೆಯನ್ನು ತಿಪ್ಪಮ್ಮನ ಮನೆಗೆ ಒಟ್ಟಿಗೆ ತಂದ. ಮುದ್ರೆಯ ಮೊರ ತುಂಬಿ ಹರಿಯಿತು. ಮಿಕ್ಕದ್ದನ್ನು ಅಜ್ಜಿ ತನ್ನ ಅರಿಸಿನದ ಮೊರಕ್ಕೆ ಸುರಿಸಿಕೊಂಡಳಂತೆ. "ಇದಕ್ಕೂ ಈಗ ಮುದ್ರೆ ಬೇಕೇನೋ?" ಎಂದು ಕೇಳಿದಳಂತೆ. ಸೋಮವಾರದ ಸಂತೆಯಲ್ಲಿ ಹುಣಿಸೆಮರದ ಕೆಳಗೆ ಯಾರೋ ಒಂದು ಮಡಕೆಯನ್ನು ಬೋರಲು ಇಟ್ಟಿದ್ದರು. ಪ್ಲಾಸ್ಟಿಕ್ ಕೊಡದವನು ಅದನ್ನು ಸುತ್ತುಹಾಕಿ ಹೋಗಿ ಬಾವಿಯ ಹತ್ತಿರ ಕೂತನೆಂದು ಕೇಳಿದೆ. ತಿಪ್ಪಮ್ಮ ಆ ದಿನ ಪೂರ್ತಿ ಮಲಗಿ ನಿದ್ದೆ ಮಾಡಿದಳು.

ನಮ್ಮ ಬಾಗಿಲಿಗೂ ಹಳದಿ ಮೊರ ಬಿತ್ತು. ಎರಡು ದಿನದಲ್ಲಿ ಕೊಟ್ರಮ್ಮನಿಗೂ ಜ್ವರ ಹತ್ತಿ, ಅವಳೂ ಮೋಡವಾದಳು. ನನ್ನ ಬಿಲ್ಲೆಯನ್ನು ರಾಯರು ಗೌರಕ್ಕನಿಗೇ ಕೊಟ್ಟಿದ್ದರು. ಅವಳು ಅದನ್ನು ಸಿಕ್ಕಿಸಿಕೊಂಡು ದಿನಾ ಬೀದಿಯಿಂದಲೇ ವಿಚಾರಿಸಿ ಹೋಗುತ್ತಿದ್ದಳು. ಮಳೆ ಬರುವುದನ್ನು ನೋಡುವವಳಂತೆ ಮೂಗೆತ್ತಿ, "ಇನ್ನೂ ಐತೆ, ಇನ್ನೂ ಐತೆ" ಎನ್ನುತ್ತಿದ್ದಳು.

ಗುರುವಾರ ಮಧ್ಯಾಹ್ನ ಕಿಟಕಿಯ ಬಳಿ ಒರಗಿದ್ದೆ. ಪಡುವಣದಲ್ಲಿ ಎಮ್ಮೆಯ ಬೆನ್ನಿನಂಥ ಮೋಡ ಎದ್ದಿತ್ತು. ಬೀದಿಯ ತುಂಬ ಸಂಡಿಗೆ, ಮೆಣಸಿನಕಾಯಿ, ರಾಗಿ. ಯಾರೂ ಏಳಲಿಲ್ಲ. "ಮಳೆ ಬರ್ತೈತೆ, ತೆಗೀರಿ!" ಎಂದು ಕೂಗಿದೆ. ಗೌರಕ್ಕ ಚಾಪೆಯ ಪಕ್ಕದಲ್ಲಿ ಕೂತವಳು ಮೂಗು ಮುರಿದಳು. "ಸಾಕು ಸುಮ್ನಿರಣ್ಣ, ಕಿಟಕಿ ಮುಚ್ಚು. ನಿನ್ ವಾಸ್ನೆ ಇಲ್ಲೀ ಗಂಟ ಬರ್ತೈತೆ." ರಾಗಿಯವರೂ ನಕ್ಕರು. ಮೂರನೆಯ ಸಲ ಮೋಸ ಹೋಗಲು ಅವರು ತಯಾರಿರಲಿಲ್ಲ.

ಬೀದಿಯ ಕೊನೆಯಲ್ಲಿ ಮಾತ್ರ ಹನುಮಕ್ಕಜ್ಜಿ ಅಂಗಳದಿಂದ ಹಸಿ ಮಡಕೆಗಳನ್ನು ಒಂದೊಂದಾಗಿ ಒಳಗೆ ಸಾಗಿಸುತ್ತಿದ್ದಳು. ಅವಳಿಗೂ ಜ್ವರ ಹಗುರವಾಗಿ ಹತ್ತಿತ್ತು. ತಿಪ್ಪಮ್ಮ ಹೊಸ್ತಿಲ ಮೇಲೆ ಕೂತು ಕೈಗೆ ಕೈ ಕೊಡುತ್ತಿದ್ದಳು. ಬಣ್ಣ ಬಂದಿತ್ತು ಅವಳ ಮುಖಕ್ಕೆ. ಅವರಿಗೂ ನನಗೂ ಮಳೆಯ ವಾಸನೆ ಸಿಗುವಂತಿರಲಿಲ್ಲ. ಹಾಗಾಗಿ ತಲೆಯೆತ್ತಿ ಮೋಡ ನೋಡಿದ್ದೆವು.

ಕೊನೆಯ ಮಡಕೆ ಒಳಗೆ ಹೋಗುವುದಕ್ಕೂ ಆಕಾಶ ಕಳಚಿ ಬೀಳುವುದಕ್ಕೂ ಸರಿಹೋಯಿತು. ಒಂದೇ ಗಳಿಗೆಯಲ್ಲಿ ಸಂಡಿಗೆ ಮತ್ತೆ ಹಿಟ್ಟಾಯಿತು, ಮೆಣಸಿನಕಾಯಿ ಚರಂಡಿಯ ಕಡೆ ಹೊರಟಿತು, ಬೆರಣಿ ಹಿಂದೆ ಏನಾಗಿತ್ತೋ ಅದೇ ಆಯಿತು. ಗಂಡಸರು ಗೋಣಿ ಹಿಡಿದು ರಾಗಿಯ ಮೇಲೆ ಅಡ್ಡ ಬಿದ್ದರು. ಗೌರಕ್ಕ ನಡುಬೀದಿಯಲ್ಲಿ ಒದ್ದೆಯಾಗಿ ನಿಂತು, ಎದೆಯ ಮೇಲಿನ ಬಿಲ್ಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗ, ನನ್ನ ಕಿಟಕಿಯ ಕಡೆ ಕೈ ತೋರಿಸಿ ಬೈಯುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು. ಆ ಸದ್ದಿನ ಮೇಲೆ ಹನುಮಕ್ಕಜ್ಜಿಯ ದನಿ ಊರಿಗೆಲ್ಲ ಕೇಳುವಂತೆ ಬಂತು.

"ಲೋ ಸಣ್ಣೀರಾ! ಮೂಗಿದ್ದೋರೆಲ್ಲ ನೆಂದ್ರು ಕಣೋ!"